ಬಾತಿನವನಿಗೆ ಕಳಿಸಿದ ಮೆಸೇಜು

ಮೊಬೈಲ್ ಟವರ್ ನೋಡಿಕೊಳ್ಳುವವನಿಗೆ ಮದುವೆ ಮನೆಯಲ್ಲಿ ನೆಮ್ಮದಿಯ ಊಟವಿಲ್ಲ. ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ ಪಕ್ಕದವರು ಬಾಗಿ, ದನಿ ತಗ್ಗಿಸಿ ಕೇಳುತ್ತಾರೆ: “ಅಲ್ರೀ, ಒಂದು ಮೆಸೇಜ್ ಬಿಟ್ರ ಸಾಕು, ಆ ಫೋನ್ ಎಲ್ಲೈತಿ ಅಂತ ನಿಮಗ ಗೊತ್ತಾಗತೈತಂತ, ಖರೇನಾ?” ಒಬ್ಬರಿಗೆ ಲಾರಿ ಡ್ರೈವರ್ ಮೇಲೆ ಅನುಮಾನ, ಇನ್ನೊಬ್ಬರಿಗೆ ಅಳಿಯನ ಮೇಲೆ. ಅದಿರಿನ ಭರಾಟೆಯ ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಎಲ್ಲರಿಗೂ ಎಲ್ಲರ ಮೇಲೆ ಅನುಮಾನವಿತ್ತು, ಎಲ್ಲರ ಕಿಸೆಯಲ್ಲೂ ಹೊಸ ಫೋನ್ ಇತ್ತು. ನಾನು “ಆಗಂಗಿಲ್ರೀ” ಎನ್ನುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಹೇಳುವ ಮೊದಲು ಒಂದು ಗಳಿಗೆ ತಡೆಯುತ್ತೇನೆ. ಹೊಳೆ ದಂಡೆಯ ಮೋಕ ಎಂಬ ಊರಿನ ಆ ಸಂಜೆ ನೆನಪಾಗುತ್ತದೆ.

ಅವತ್ತು ಮಧ್ಯಾಹ್ನ ಟೈರ್ ಅಂಗಡಿಯ ಮೇಲಿನ ನಮ್ಮ ಕಚೇರಿಯಲ್ಲಿ ಕುಳಿತು, ಯಾವ ಟವರಿನ ಜನರೇಟರ್‌ಗೆ ಡೀಸೆಲ್ ಮುಗಿಯಬಹುದು ಎಂದು ಚಿಂತಿಸುತ್ತಿದ್ದೆ. ಯಾವುದಕ್ಕೂ ಮುಗಿದಿರಲಿಲ್ಲ. ಅದು ನನಗೆ ಇನ್ನಷ್ಟು ಚಿಂತೆ ತಂದಿತ್ತು. “ನಿಮಗ ಚಿಂತಿ ಮಾಡಾಕ ಏನೂ ಇಲ್ಲಂದ್ರ, ಅದ ಒಂದು ಚಿಂತಿ” ಎಂದು ನನ್ನ ಹೆಂಡತಿ ಹೇಳುವುದು ಸುಳ್ಳಲ್ಲ. ಆಗ ಮೆಟ್ಟಿಲು ದಡದಡ ಹತ್ತಿ ಮೊಟ್ಟೆ ಸಾಹೇಬರು ಬಂದರು. ಲಾರಿ ಸ್ಟ್ಯಾಂಡಿನ ಎಗ್‌ರೈಸ್ ಗಾಡಿಗಳಿಗೆ, ಬೇಕರಿಗಳಿಗೆ ಬಾತುಕೋಳಿ ಮೊಟ್ಟೆ ಹಾಕುವ ವ್ಯಾಪಾರಿ. ನಮ್ಮ ಓಣಿಯವರೇ. ಯಾವತ್ತೂ ಬಾಗಿಲಲ್ಲೇ ನಿಂತು ಒಂದು ಜೋಕು ಹೇಳಿ ಒಳಗೆ ಬರುವ ಮನುಷ್ಯ. ಅವತ್ತು ಜೋಕು ಇರಲಿಲ್ಲ.

“ಸ್ವಾಮೇರ, ಒಂದು ಮೆಸೇಜ್ ಬಿಡ್ರಿ. ನಮ್ಮ ಬಾತಿನವ ಎಲ್ಲಿ ಅದಾನ ಹೇಳ್ರಿ.”

“ಅದು ಆಗಂಗಿಲ್ಲ ಭಾಯಿ. ಎಷ್ಟು ಸರ್ತಿ ಹೇಳೀನಿ?”

“ಮದುವಿ ಮನ್ಯಾಗ ಹೇಳಿದ್ದು ಬಿಡ್ರಿ. ಹಗರಿಗೆ ನೀರು ಬಿಟ್ಟಾರ.”

ಹಗರಿ ಎಂದರೆ ನಮಗೆ ನೀರಿಲ್ಲದ ಹೊಳೆ. ಹುಡುಗರು ಕ್ರಿಕೆಟ್ ಆಡುವ, ಲಾರಿಗಳು ಮರಳು ತುಂಬುವ ಜಾಗ. ಮೇಲೆ ಆಂಧ್ರದ ಕಡೆ ಹುಚ್ಚು ಮಳೆಯಾಗಿ, ಅಲ್ಲಿಂದ ನೀರು ಹೊರಟಿತ್ತು. ಸಂಜೆ ಹೊತ್ತಿಗೆ ಮೋಕ ಮುಟ್ಟುತ್ತದೆ ಎಂದು ಸುದ್ದಿ. ದಂಡೆಯ ಊರುಗಳಲ್ಲೆಲ್ಲ ಡಂಗುರ ಹೊಡೆಸಿದ್ದರು. ಆದರೆ ಬಾತಿನವನು ಯಾವ ಊರಿನವನೂ ಅಲ್ಲ. ನೆಲ್ಲೂರಿನ ಕಡೆಯಿಂದ ಬಾತುಗಳ ಹಿಂಡು ಹೊಡೆದುಕೊಂಡು ಬರುವವನು. ಭತ್ತ ಕೊಯ್ದ ಗದ್ದೆಗಳಲ್ಲಿ ಹಗಲೆಲ್ಲ ಮೇಯಿಸಿ, ರಾತ್ರಿ ಹೊಳೆಯ ಮರಳಿನ ಮೇಲೆ ಬಲೆ ಕಟ್ಟಿ ಕೂಡಿಹಾಕುವವನು. ಬಾತಿಗೆ ಮರಳು ತಂಪು, ಮನುಷ್ಯನಿಗೂ ತಂಪು. ಅವನ ಜೊತೆ ಹೆಂಡತಿ, ಆಕೆಯ ಮಡಿಲಲ್ಲಿ ಎಳೆಗೂಸು. ಆ ಕೂಸು ಹುಟ್ಟುವಾಗ ಆಕೆಯನ್ನು ಬಳ್ಳಾರಿ ಆಸ್ಪತ್ರೆಗೆ ಕರೆತಂದವರೇ ಸಾಹೇಬರು.

“ಫೋನ್ ಹಚ್ಚೀರೇನು?”

“ಮುಂಜಾನಿಂದ ಹಚ್ಚಾಕತ್ತೀನಿ. ರಿಂಗ್ ಆಗತೈತಿ, ಎತ್ತಂಗಿಲ್ಲ. ಹೋದ ವಾರ ದೇಶನೂರಿನ ಗದ್ದ್ಯಾಗ ಇದ್ದ. ಬಾದನಹಟ್ಟಿ ಕಡಿ ಬರ್ತೀನಿ ಅಂದಿದ್ದ. ಮೋಕಕ್ಕ ಬಂದ್ರೂ ಬಂದ. ಮೊಟ್ಟಿ ಬಸ್ಸಿನ್ಯಾಗ ಬರ್ತಾವ, ಯಾವ ಊರಾಗ ಹಾಕಿದ ಅಂತ ನಾ ಕೇಳಂಗಿಲ್ಲ.”

ಸಿರುಗುಪ್ಪದ ಕಡೆ ದೇಶನೂರು, ಕುರುಗೋಡಿನ ಕಡೆ ಬಾದನಹಟ್ಟಿ, ಇತ್ತ ಮೋಕ. ಅಷ್ಟುದ್ದದ ಹೊಳೆ, ಕಾಲುವೆ, ಗದ್ದೆಗಳನ್ನು ಒಂದು ಸ್ಕೂಟರಿನಲ್ಲಿ ಸಂಜೆಯೊಳಗೆ ಹುಡುಕುವುದು ಆಗದ ಮಾತು.

ನಾನು ಮೊದಲು ಮಾಡಿದ್ದು, ಎಲ್ಲರೂ ನಾನು ಮಾಡಬಲ್ಲೆ ಎಂದು ನಂಬಿದ್ದ ಕೆಲಸವನ್ನೇ. ಮೆಸೇಜ್ ಕಳಿಸಿದೆ. ಇಂಗ್ಲಿಷ್ ಅಕ್ಷರದಲ್ಲಿ ತೆಲುಗು: ‘ಎಕ್ಕಡುಂಡಾವ್?’ ಎಲ್ಲಿದ್ದೀಯ? ಅದರ ಬೆನ್ನಿಗೇ ಇನ್ನೊಂದು: ‘ನೀಳ್ಳು ವಸ್ತುನ್ನಾಯಿ, ಪೈಕಿ ರಾ.’ ನೀರು ಬರುತ್ತಿದೆ, ಮೇಲೆ ಬಾ. ಎರಡಕ್ಕೂ ಡೆಲಿವರಿ ರಿಪೋರ್ಟ್ ಬಂತು, ‘ಮುಟ್ಟಿದೆ’ ಎಂದು. ಸಾಹೇಬರ ಮುಖ ಅರಳಿತು.

“ಮುಟ್ಟೈತಂದ್ರ ಓದಿದ್ನಲ್ಲ?”

“ಅವಂಗ ಓದಾಕ ಬರತೈತೇನು?”

ಮುಖ ಬಾಡಿತು. ಆ ರಿಪೋರ್ಟು ರಿಜಿಸ್ಟರ್ ಪೋಸ್ಟಿನಲ್ಲಿ ಸಹಿಯಾಗಿ ಮರಳಿ ಬರುವ ಕಾರ್ಡಿದ್ದ ಹಾಗೆ. ಯಾರೋ ತೆಗೆದುಕೊಂಡರು ಎಂದು ಹೇಳುತ್ತದೆ. ಯಾವ ಓಣಿ, ಯಾವ ಮನೆ ಎಂದು ಹೇಳುವುದಿಲ್ಲ. ಫೋನ್ ಜೀವಂತ ಇದೆ, ಯಾವುದೋ ಟವರಿನ ನೆರಳಲ್ಲಿದೆ. ಅಷ್ಟೇ. ಯಾವ ಟವರು ಎಂಬುದು ಬೆಂಗಳೂರಿನ ಯಂತ್ರಕ್ಕೆ ಗೊತ್ತು. ಅಲ್ಲಿಗೆ ಫೋನ್ ಮಾಡಿದೆ. ಪೊಲೀಸರ ಪತ್ರ ಇಲ್ಲದೆ ಹೇಳುವಂತಿಲ್ಲ ಎಂದರು. ಸರಿಯಾದ ನಿಯಮವೇ. ಇಲ್ಲದಿದ್ದರೆ ಮದುವೆ ಮನೆಯ ಅಳಿಯಂದಿರು ಬದುಕುವುದು ಹೇಗೆ? ಪೊಲೀಸ್ ಠಾಣೆಗೆ ಮಾಡಿದೆ. ಎತ್ತಿದ ಕಾನ್‌ಸ್ಟೇಬಲ್ಲು, “ಸಾಹೇಬ್ರೆಲ್ಲಾ ಹೊಳಿ ದಂಡಿಗೆ ಹೋಗ್ಯಾರ್ರೀ, ಪತ್ರಕ್ಕ ಸಹಿ ಮಾಡೋರು ಯಾರೂ ಇಲ್ಲ” ಎಂದ. ಹೊಳೆ ದಂಡೆಯಲ್ಲಿರುವವರನ್ನು ಹುಡುಕಲು ಸಹಿ ಹಾಕಬೇಕಾದವರು ಹೊಳೆ ದಂಡೆಯಲ್ಲಿದ್ದರು.

ಸಾಹೇಬರು ಕುರ್ಚಿಯ ತುದಿಯಲ್ಲಿ ಕುಳಿತು ಟೋಪಿಯನ್ನು ಮಡಚುತ್ತಾ ಬಿಚ್ಚುತ್ತಾ ಇದ್ದರು. “ಟವರ್ ನಿಮ್ದ, ಕೀಲಿ ನಿಮ್ಮ ಕೈಯಾಗ. ಒಂದು ಫೋನ್ ಹುಡುಕಾಕ ಆಗಂಗಿಲ್ಲ. ಮತ್ತ ನಿಮ್ಮ ಕೈಲೆ ಆಗೋದೇನು?”

“ಆರಿಸೋದು ಅಷ್ಟ” ಎಂದೆ. ಸಿಟ್ಟಿನಿಂದ ಹೇಳಿದ ಮಾತು. ಹೇಳಿದ ಮೇಲೆ ನನಗೇ ಕೇಳಿಸಿತು.

ಟವರ್ ಆರಿಸಿದರೆ, ಎಂದರೆ ಬಂದ್ ಮಾಡಿದರೆ, ಅದರ ನೆರಳಲ್ಲಿರುವ ಫೋನ್‌ಗಳಿಗೆ ಸಿಗ್ನಲ್ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಮೆಸೇಜ್ ಕಳಿಸಿದರೆ ಅದು ಮುಟ್ಟುವುದಿಲ್ಲ, ಸಾಯುವುದೂ ಇಲ್ಲ, ಕಾಯುತ್ತದೆ. ಟವರ್ ಮತ್ತೆ ಹೊತ್ತಿಕೊಂಡಾಗ ಮುಟ್ಟುತ್ತದೆ. ಹಾಗಿದ್ದರೆ ಒಂದೊಂದೇ ಟವರ್ ಆರಿಸುತ್ತಾ, ಪ್ರತಿ ಸಲವೂ ಬಾತಿನವನಿಗೆ ಒಂದು ಮೆಸೇಜ್ ಬಿಟ್ಟರೆ? ಮುಟ್ಟಿದರೆ ಅವನ ಫೋನ್ ಅಲ್ಲಿಲ್ಲ. ಕಾದರೆ ಅಲ್ಲಿದೆ. ಊರಿನಲ್ಲಿ ಟವರ್ ಮೇಲೆ ಟವರ್, ಒಂದು ಆರಿದರೆ ಇನ್ನೊಂದು ಹಿಡಿಯುತ್ತದೆ. ಹೊಳೆ ಸಾಲಿನಲ್ಲಿ ಮಾತ್ರ ಟವರ್‌ಗಳು ವಿರಳ.

ಉಪಾಯ ಚೆನ್ನಾಗಿತ್ತು. ಅದರ ಹೊಟ್ಟೆಯೊಳಗೆ ಒಂದು ಕೆಟ್ಟ ಸಂಗತಿಯೂ ಇತ್ತು. ನೀರು ಬರುವ ದಿನ, ಹೊಳೆ ದಂಡೆಯ ಊರುಗಳವರು ಒಬ್ಬರಿಗೊಬ್ಬರು ಫೋನ್ ಮಾಡಿ ಎಚ್ಚರಿಸುವ ಹೊತ್ತಿನಲ್ಲಿ, ನಾನು ಅವರ ಫೋನ್‌ಗಳ ಬಾಯಿ ಮುಚ್ಚಿಸಬೇಕು. ಒಬ್ಬನಿಗಾಗಿ ಊರನ್ನು ಕಿವುಡು ಮಾಡಬೇಕು. ಆ ಹೊತ್ತಿನಲ್ಲೇ ಬೇರೊಬ್ಬನಿಗೆ ಫೋನ್ ಬೇಕಾಗಿದ್ದರೆ? ಇಂಥದ್ದನ್ನು ಯೋಚಿಸಲು ನನ್ನಷ್ಟು ಪಳಗಿದವನು ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಆದರೆ ಯೋಚಿಸುತ್ತಾ ಕೂರಲು ಅವತ್ತು ಬಿಡುವಿರಲಿಲ್ಲ.

ಹುಬ್ಬಳ್ಳಿಯ ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಅಲ್ಲಿಂದಲೇ ಟವರ್‌ಗಳನ್ನು ಆರಿಸಿ ಹೊತ್ತಿಸುವುದು; ಆರಿಸುವುದಕ್ಕೆ ನಮ್ಮ ಮಾತಿನಲ್ಲಿ ಲಾಕ್ ಎನ್ನುತ್ತೇವೆ. ಡ್ಯೂಟಿಯಲ್ಲಿದ್ದಾಕೆಯನ್ನು ನಾನು ನೋಡಿರಲಿಲ್ಲ, ದನಿ ಮಾತ್ರ ಪರಿಚಯ.

“ದೇಶನೂರು ಸೈಟ್ ಒಂದು ಗಳಿಗೆ ಲಾಕ್ ಮಾಡ್ರಿ. ಆಂಟೆನಾ ಕೆಲಸ ಐತಿ.”

“ಸರ್, ಇವತ್ತಾ? ಹೊಳಿಗೆ ನೀರು ಬರಾಕತ್ತೈತಿ ಅಂತ ಇಲ್ಲೇ ಬೋರ್ಡಿನ ಮ್ಯಾಲೆ ಬರದೈತಿ. ಖರೇ ಹೇಳ್ರಿ.”

ಖರೇ ಹೇಳಿದೆ. ಬಾತು, ಬಾತಿನವನು, ಮರಳು, ಕೂಸು. ಆಕೆ ಅಂದಳು: “ಲಾಕ್ ಮಾಡ್ತೀನಿ. ನೀವು ಮೆಸೇಜ್ ಒತ್ತಿದ ಕೂಡ್ಲೆ ಹೇಳ್ರಿ. ಹೆಚ್ಚಿಗಿ ಹೊತ್ತು ಇಡಂಗಿಲ್ಲ.”

ದೇಶನೂರು ಆರಿತು. ನಾನು ಮೆಸೇಜ್ ಒತ್ತಿದೆ. ನನ್ನ ಫೋನ್ ಕುಂಯ್ ಎಂದಿತು: ಮುಟ್ಟಿದೆ. ಅಲ್ಲಿಲ್ಲ. ಬಾದನಹಟ್ಟಿ ಆರಿತು. ಮುಟ್ಟಿದೆ. ಆದರೆ ಕುರುಗೋಡಿನ ಗುಡ್ಡದ ಕಡೆಯ ಟವರಿನ ಸಿಗ್ನಲ್ ಬಾದನಹಟ್ಟಿಯವರೆಗೂ ಚಾಚುತ್ತದೆ ಎಂದು ನೆನಪಾಯಿತು. ಎರಡನ್ನೂ ಒಟ್ಟಿಗೆ ಆರಿಸಿ ಎಂದೆ. “ಸರ್, ನನ್ನ ನೌಕ್ರಿ” ಎಂದಳು. ಆರಿಸಿದಳು. ಮುಟ್ಟಿದೆ. ಅಲ್ಲೂ ಇಲ್ಲ.

ಮೋಕ ಆರಿತು. ಒತ್ತಿದೆ. ನನ್ನ ಫೋನ್ ಸುಮ್ಮನಿತ್ತು. ಸಾಹೇಬರು ಅದರ ಮೇಲೆ ಬಗ್ಗಿ ನಿಂತರು, ಹಾಲು ಉಕ್ಕುವುದನ್ನು ಕಾಯುವವರಂತೆ. ಉಕ್ಕಲಿಲ್ಲ. “ಹೊತ್ತಿಸ್ರಿ” ಎಂದೆ. ಫೋನ್‌ಗಳು ಸಿಗ್ನಲ್ ಹುಡುಕಿಕೊಳ್ಳಲು ಒಂದಿಷ್ಟು ಹೊತ್ತು ಬೇಕು. ನಾನು ಆ ಹೊತ್ತಿನಲ್ಲಿ ಮೋಕದ ಎಲ್ಲ ಮುದುಕರೂ ಎದೆ ಹಿಡಿದುಕೊಂಡು ಡಾಕ್ಟರಿಗೆ ಫೋನ್ ಹಚ್ಚುತ್ತಿರುವಂತೆ ಕಲ್ಪಿಸಿಕೊಂಡೆ. ಆಮೇಲೆ ಕುಂಯ್.

“ಮೋಕ!” ಎಂದರು ಸಾಹೇಬರು. “ನಡೀರಿ, ಸ್ಕೂಟರ್ ಐತಿ.”

ಸ್ಕೂಟರ್‌ಗೆ ಮೊಟ್ಟೆಯ ದೊಡ್ಡ ಬುಟ್ಟಿ ಕಟ್ಟಿತ್ತು, ಒಳಗೆ ಒಣಹುಲ್ಲು. ನಾನು ಬುಟ್ಟಿಗೂ ಸಾಹೇಬರ ಬೆನ್ನಿಗೂ ನಡುವೆ ಸಿಕ್ಕಿಕೊಂಡೆ. ಊರಾಚೆ ದಾಟುವಲ್ಲಿ ಅದಿರು ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂಗು ಇಟ್ಟು ನಿಂತಿದ್ದವು. ಯಾವುದೋ ಲಾರಿಯ ಆಕ್ಸಲ್ ಮುರಿದು ಎಲ್ಲವೂ ಸ್ತಬ್ಧ. ಕೆಂಪು ಧೂಳು ನಿಂತಲ್ಲೇ ತೂಗುತ್ತಿತ್ತು. ಸಾಹೇಬರು ಲಾರಿಗಳ ಸಂದಿಯಲ್ಲಿ ನುಗ್ಗಿಸಿದರು. ಒಬ್ಬ ಡ್ರೈವರು ಮೇಲಿನಿಂದ, “ಲೇ ಮೊಟ್ಟಿ ಸಾಬಾ, ಮೊಟ್ಟಿ ಹ್ವಾದ್ರ ಹೋಗ್ಲಿ, ಹಿಂದ ಕುಂತ ಮುದುಕನ್ನ ಒಡೀಬ್ಯಾಡ!” ಎಂದು ಕೂಗಿದ. ನನಗಿನ್ನೂ ಮುದುಕ ಎನ್ನಿಸಿಕೊಳ್ಳುವ ವಯಸ್ಸಾಗಿರಲಿಲ್ಲ. ಧೂಳಿನಿಂದ ಕೂದಲಿನ ಬಣ್ಣ ತಿಳಿಯದೆ ಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಮೋಕದಲ್ಲಿ ಆಕಾಶ ತಿಳಿಯಾಗಿತ್ತು, ಒಂದು ಹನಿ ಮಳೆಯಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಊರಂಚಿನ ನಮ್ಮ ಟವರಿನ ಬೇಲಿಯ ಹತ್ತಿರ ಗ್ರಾಮ ಲೆಕ್ಕಿಗರು ಬೈಕ್ ನಿಲ್ಲಿಸಿಕೊಂಡು ಫೋನಿನಲ್ಲಿ ಕೂಗುತ್ತಿದ್ದರು. ನನ್ನನ್ನು ಕಂಡು ಫೋನ್ ಕೆಳಗಿಳಿಸಿ, “ಬಂದ್ರೇನು? ಈಗಷ್ಟ ನೆಟ್‌ವರ್ಕ್ ಹೋಗಿತ್ತು ನೋಡ್ರಿ. ಯಾವ ಪುಣ್ಯಾತ್ಮನ ಕೆಲಸ ಇದು?” ಎಂದರು. ಪುಣ್ಯಾತ್ಮ ಆಕಾಶ ನೋಡಿದ.

ಬಾತಿನವರನ್ನು ಕಂಡಿರಾ ಎಂದು ಕೇಳಿದೆ. “ಹೊಳಿ ದಂಡಿ ಮಂದೀನ ಎಲ್ಲಾ ಮ್ಯಾಲ ಕಳಿಸೀವಿ. ಬಾತಿನವರು ಯಾರೂ ನನ್ನ ಕಣ್ಣಿಗೆ ಬಿದ್ದಿಲ್ಲ” ಎಂದು ಅವರು ಮತ್ತೆ ಫೋನ್ ಕಿವಿಗೆ ಹಚ್ಚಿದರು.

ಇನ್ನೊಂದು ಹೆಜ್ಜೆ ಉಳಿದಿತ್ತು. ಟವರಿನ ತಲೆಯಲ್ಲಿ ಮೂರು ದಿಕ್ಕಿಗೆ ಮೂರು ಆಂಟೆನಾ ಇರುತ್ತವೆ. ಮೋಕದ ಟವರಿನಲ್ಲಿ ಒಂದು ಹೊಳೆಯ ಕಡೆ, ಒಂದು ಗದ್ದೆಗಳ ಕಡೆ, ಒಂದು ಊರ ಕಡೆ. ಒಂದೊಂದನ್ನೇ ಆರಿಸಿದರೆ ದಿಕ್ಕು ಸಿಗುತ್ತದೆ. ಹುಬ್ಬಳ್ಳಿಯಾಕೆ ಈಗ ಪ್ರಶ್ನೆ ಕೇಳುತ್ತಿರಲಿಲ್ಲ, “ಹೇಳ್ರಿ ಸರ್” ಎನ್ನುತ್ತಿದ್ದಳು. ಹೊಳೆ ದಿಕ್ಕು ಆರಿತು: ಮುಟ್ಟಿದೆ. ಗದ್ದೆಯ ದಿಕ್ಕು: ಮುಟ್ಟಿದೆ. ಊರಿನ ದಿಕ್ಕು ಆರಿಸಬೇಕಾದರೆ ಎದುರಿಗೇ ಲೆಕ್ಕಿಗರು ಯಾರನ್ನೋ ಎಚ್ಚರಿಸುತ್ತಿದ್ದಾರೆ. ಅವರ ಮಾತು ಮುಗಿಯುವುದನ್ನೇ ಕಾದೆ. ಅವರು ಮುಗಿಸುವ ಪೈಕಿಯಲ್ಲ. ಕೊನೆಗೆ ಅವರು ಫೋನ್ ಕಿಸೆಗೆ ಹಾಕಿದ ಗಳಿಗೆಯಲ್ಲಿ, “ಈಗ” ಎಂದೆ. ಮೆಸೇಜ್ ಕಾಯಿತು. ಹೊತ್ತಿಸಿದ ಮೇಲೆ ಮುಟ್ಟಿತು.

“ಊರಾಗ ಅದಾನ ಭಾಯಿ. ಹೊಳ್ಯಾಗ ಇಲ್ಲ!”

ಸಾಹೇಬರು ಎರಡೂ ಕೈಯಿಂದ ಮುಖ ಒರೆಸಿಕೊಂಡು ದೇವರನ್ನು ನೆನೆದರು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿದರು. “ಆಗಂಗಿಲ್ಲ ಆಗಂಗಿಲ್ಲ ಅಂತಿದ್ರಿ. ಮೆಸೇಜಿನ್ಯಾಗ ಹಿಡದ್ರಲ್ಲ ಸ್ವಾಮೇರ!” ನನ್ನ ಎದೆ ಉಬ್ಬಿದ್ದು ನಿಜ. ಬೆಂಗಳೂರಿನ ಯಂತ್ರ ಹೇಳದಿದ್ದದ್ದನ್ನು ನಾನು ದೀಪ ಆರಿಸಿ ಹೊತ್ತಿಸಿ ಹೇಳಿಸಿದ್ದೆ.

ಊರೊಳಗೆ ಹೋಗಿ ಬಾತಿನವನ ನಂಬರಿಗೆ ಫೋನ್ ಹಚ್ಚುತ್ತಾ ಓಣಿ ಓಣಿ ನಡೆದೆವು. ಬಸ್ ನಿಲ್ಲುವ ಜಾಗದ ಹತ್ತಿರ ಹಿಟ್ಟಿನ ಗಿರಣಿ. ಗಿರಣಿ ನಿಂತಿತ್ತು, ಬಾಗಿಲು ತೆರೆದಿತ್ತು. ಒಳಗಿನಿಂದ ಗುಂಯ್ ಗುಂಯ್ ಎಂದು ಏನೋ ನಡುಗುವ ಸದ್ದು. ಗೋಡೆಯ ಹಲಗೆಯ ಮೇಲೆ ಒಂದು ಗೋಣಿತಾಟು ಹೊದಿಸಿತ್ತು. ಸರಿಸಿದೆ. ಅದರ ಕೆಳಗೆ ಫೋನ್‌ಗಳು, ಸಾಲಾಗಿ, ಬೇರೆ ಬೇರೆ ಬಣ್ಣದ ದಾರ ಕಟ್ಟಿಸಿಕೊಂಡು, ಚಾರ್ಜರಿನ ವೈರುಗಳನ್ನು ಬಾಯಲ್ಲಿ ಕಚ್ಚಿಕೊಂಡು ಮಲಗಿದ್ದವು. ಹಸಿರು ದಾರದ್ದು ನಡುಗುತ್ತಿತ್ತು. ಅದರ ಮೇಲೆ ನನ್ನ ನಂಬರು.

ಹೊಲದಲ್ಲಿ, ಹೊಳೆಯಲ್ಲಿ ಇರುವವರಿಗೆ ಕರೆಂಟ್ ಎಲ್ಲಿಂದ ಬರಬೇಕು? ಮುಂಜಾನೆ ಗಿರಣಿಯಲ್ಲಿ ಫೋನ್ ಬಿಟ್ಟು ಸಂಜೆ ಒಯ್ಯುತ್ತಾರೆ. ಆ ಸೀಮೆಯಲ್ಲೆಲ್ಲ ಅದೇ ರೂಢಿ, ನನಗೂ ಗೊತ್ತಿದ್ದದ್ದೇ. ಫೋನ್ ಸಿಕ್ಕರೆ ಮನುಷ್ಯ ಸಿಕ್ಕ ಎಂದುಕೊಂಡವನು ನಾನು.

ಗಿರಣಿಯ ಯಜಮಾನಿ ಹೊರಗಿನಿಂದ ಬಂದರು. ತಲೆಗೂದಲೆಲ್ಲ ಹಿಟ್ಟು.

“ಅಮ್ಮಾರ, ಮುಂಜಾನಿಂದ ರಿಂಗ್ ಆಗಾಕತ್ತಿತ್ತು. ಒಂದು ಸರ್ತಿ ಎತ್ತಬಾರದಾ?” ಎಂದರು ಸಾಹೇಬರು.

“ಮಂದಿ ಫೋನ್ ನಾ ಎತ್ತಂಗಿಲ್ಲಪಾ. ಹಿಂದ ಒಬ್ಬಂದು ಎತ್ತಿದೆ. ಆ ಕಡಿ ಅವನ ಹೆಂಡ್ತಿ. ಹೆಣ್ಣಿನ ದನಿ ಕೇಳಿ, ಆಕಿ ಮೋಕಕ್ಕ ಬಂದು ನನ್ನ ಗಿರಣಿ ಮುಂದ ಕುಂತ್ಲು. ಅವತ್ತಿಂದ ತಾಟು ಹೊಚ್ಚಿ ಇಟ್ಟೀನಿ.”

“ಬಾತಿನವ್ರು ಎಲ್ಲಿ ಅದಾರ?”

“ಹೊಳಿ ಕಡಿ.”

“ಹೊಳಿ ಕಡಿ ಅಂದ್ರ ಎಲ್ಲಿ?”

“ಹೊಳಿ ಏನು ನನ್ನ ಅಂಗಳೇನಪಾ, ಇಂಥಾ ಮೂಲಿ ಅಂತ ಹೇಳಾಕ? ಹೊತ್ತು ಮುಣಗಾಕ ಬರ್ತಾನ, ಫೋನ್ ಒಯ್ಯಾಕ.” ಹಾಗೆಂದವರು ನಮ್ಮ ಮುಖ ನೋಡಿದರು. “ಅಯ್ಯ ಶಿವನ. ಆ ಬಾಣಂತಿ” ಎಂದು ಬಾಯಿಗೆ ಸೆರಗು ಹಿಡಿದರು.

ಹೊತ್ತು ಮುಳುಗುವ ತನಕ ನೀರು ಕಾಯುತ್ತದೆಯೇ? ನಾವು ಹೊಳೆ ದಂಡೆಗೆ ಓಡಿದೆವು. ಅಲ್ಲಿ ಕಂಡದ್ದು ಜಾಲಿ. ಎಡಕ್ಕೂ ಜಾಲಿ, ಬಲಕ್ಕೂ ಜಾಲಿ, ಆಳೆತ್ತರಕ್ಕಿಂತ ಮೇಲೆ. ನಡುವೆ ಅಲ್ಲಲ್ಲಿ ಮರಳಿನ ತುಣುಕು. ಮೇಲಿನ ಸೇತುವೆಯ ಕಡೆ ಹೋಗಬೇಕೋ ಕೆಳಗಿನ ತಿರುವಿನ ಕಡೆ ಹೋಗಬೇಕೋ ತಿಳಿಯದು. ತಪ್ಪು ದಿಕ್ಕು ಹಿಡಿದರೆ ತಿರುಗಿ ಬರುವಷ್ಟು ಹೊತ್ತು ಇಲ್ಲ. ಸಾಹೇಬರು ಕೈ ಬಾಯಿಗೆ ಹಿಡಿದು ಕೂಗಿದರು. ಒಂದು ಕೊಕ್ಕರೆ ಎದ್ದು ಹೋಯಿತು, ಅಷ್ಟೇ.

ನಾನು ತಿರುಗಿ ನೋಡಿದೆ. ಜಾಲಿಯ ಮೇಲೆ, ಊರಿನ ಮೇಲೆ, ಎಲ್ಲದರ ಮೇಲೆ ನಮ್ಮ ಟವರು ನಿಂತಿತ್ತು.

“ಭಾಯಿ, ನೀವು ಸ್ಕೂಟರ್ ಮ್ಯಾಲ ಇಲ್ಲೇ ಇರ್ರಿ. ಫೋನ್ ಕಿವಿಗೆ ಕಟ್ಟಿಕೊಳ್ರಿ” ಎಂದೆ. ಅವರು ಕೊರಳ ವಸ್ತ್ರ ತೆಗೆದು ಫೋನನ್ನು ಕಿವಿಗೆ ಬಿಗಿದು, ಹಲ್ಲುನೋವಿನವರಂತೆ ಗಂಟು ಹಾಕಿಕೊಂಡರು.

ನಾನು ಟವರಿಗೆ ಓಡಿ ಬಂದು, ಹತ್ತುವ ಬೆಲ್ಟ್ ಕೇಳಿದಾಗ ಅಲ್ಲಿನ ಕಾವಲುಗಾರ ನಕ್ಕ. “ಸರ್, ನೀವಾ?” ಅವನ ತಪ್ಪಲ್ಲ. ಕೆಳಗೆ ನಿಂತು “ಬೋಲ್ಟ್ ನೋಡು, ಹುಕ್ ಹಾಕು, ಕೆಳಗ ನೋಡಬ್ಯಾಡ” ಎಂದು ಕೂಗುವುದು ನನ್ನ ಕೆಲಸ, ಹತ್ತುವುದು ಬೇರೆಯವರ ಕೆಲಸ. ಎಷ್ಟೋ ವರ್ಷಗಳಿಂದ ನನ್ನ ಕಾಲು ಮೂರನೇ ಮೆಟ್ಟಿಲು ದಾಟಿರಲಿಲ್ಲ. ಬೆಲ್ಟಿನ ತೂತು ನನ್ನ ಹೊಟ್ಟೆಗೆ ಸಾಲದೆ ಹಗ್ಗ ಸೇರಿಸಿ ಕಟ್ಟಿದ.

ಕಬ್ಬಿಣ ಇನ್ನೂ ಕಾದಿತ್ತು. ಒಂದು ಹುಕ್ ಹಾಕು, ಇನ್ನೊಂದು ಬಿಚ್ಚು, ಒಂದು ಮೆಟ್ಟಿಲು. ಜನರೇಟರಿನ ಸದ್ದು ಕಾಲಡಿಯಲ್ಲಿ ಸಣ್ಣದಾಗುತ್ತಾ ಹೋಯಿತು, ಗಾಳಿಯ ಸದ್ದು ದೊಡ್ಡದಾಯಿತು. ಟವರು ತೂಗುತ್ತದೆ ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು. ಈಗ ಮೊಳಕಾಲಿನಿಂದ ಗೊತ್ತಾಯಿತು. ನಡುವೆ ಒಂದು ಕಡೆ ಕೈ ಬಿಡಲು ಒಪ್ಪಲಿಲ್ಲ. ಕಣ್ಣು ಮುಚ್ಚಿ ಕಂಬ ತಬ್ಬಿಕೊಂಡು ನಿಂತೆ. ಕಿಸೆಯಲ್ಲಿ ಫೋನ್ ನಡುಗಿತು, ಸಾಹೇಬರು ಇರಬೇಕು. ಎತ್ತಲು ಕೈ ಬೇಕು. ಕೈ ಬೇಕೆಂದರೆ ಹತ್ತಿ, ಮೇಲೆ ಕೂರಲು ಮಾಡಿದ ಕಬ್ಬಿಣದ ಕಟ್ಟೆ ಮುಟ್ಟಬೇಕು. ಹತ್ತಿದೆ.

ಆಂಟೆನಾದ ಎದುರಿಗೆ ನಿಲ್ಲಬಾರದು ಎಂಬುದು ನಿಯಮ. ಆರಿಸಿ ನಿಲ್ಲೋಣವೆಂದರೆ ಫೋನ್ ಸಾಯುತ್ತದೆ. ಅದರ ಕೆಳಗಿನ ಕಟ್ಟೆಯಲ್ಲಿ ಎರಡೂ ಹುಕ್ ಬಿಗಿದು ಕುಳಿತು ಕಣ್ಣು ಬಿಟ್ಟೆ.

ಹೊಳೆ ಇಡೀ ಕಂಡಿತು, ಬಿಚ್ಚಿದ ಪಂಚೆಯ ಹಾಗೆ. ಮೇಲೆ ಸೇತುವೆಯಾಚೆ ಮರಳಿನ ಬಣ್ಣ ಬದಲಾಗಿತ್ತು. ಕಂದು ಬಣ್ಣದ ಒಂದು ನಾಲಿಗೆ ತೆವಳಿಕೊಂಡು ಬರುತ್ತಿತ್ತು. ಅವಸರವಿಲ್ಲದೆ ಬರುತ್ತಿದೆ ಎನಿಸಿತು, ದೂರದಿಂದ. ಕೆಳಗಿನ ತಿರುವಿನ ಕಡೆ ನೋಡಿದೆ. ಕೊಯ್ದ ಗದ್ದೆಯ ಮೇಲೆ ಬೂದು ಬಣ್ಣದ ಒಂದು ಕಲೆ, ಮೆಲ್ಲಗೆ ಜಾರುತ್ತಾ ಆಕಾರ ಬದಲಿಸುತ್ತಾ ಇತ್ತು. ಬಾತುಗಳು. ಹಿಂದೆ ಒಬ್ಬ ಮನುಷ್ಯ. ಸಾಹೇಬರಿಗೆ ಫೋನ್ ಹಚ್ಚಿದೆ.

“ಭಾಯಿ, ಕೆಳಗಿನ ತಿರುವು! ದಂಡಿ ಹಿಡದು ಹೋಗ್ರಿ, ಗದ್ದ್ಯಾಗ ಅದಾನ!”

ಸ್ಕೂಟರ್ ಜಾಲಿಯ ಸಂದಿಯಲ್ಲಿ ಕಾಣಿಸುತ್ತಾ ಮರೆಯಾಗುತ್ತಾ ಓಡಿತು. ಗದ್ದೆ ದಂಡೆಗಿಂತ ಎತ್ತರದಲ್ಲಿತ್ತು, ಅವನಿಗೇನೂ ಆಗದು. ಉಸಿರು ಬಿಟ್ಟೆ. ಬಿಟ್ಟ ಉಸಿರು ಅರ್ಧಕ್ಕೆ ನಿಂತಿತು. ಒಬ್ಬನೇ ಇದ್ದಾನಲ್ಲ?

ಕಣ್ಣು ಮರಳಿನ ಮೇಲೆ ಹರಿಸಿದೆ. ಜಾಲಿಯಾಚೆ, ಹೊಳೆಯ ನಡುವಿನ ಮರಳದಿಬ್ಬದ ಮೇಲೆ ನೀಲಿ ತಾಡಪಾಲು, ಉಗುರಿನಷ್ಟು. ಅದರ ಪಕ್ಕದಿಂದ ಹೊಗೆ. ಯಾರೋ ಅಡುಗೆ ಮಾಡುತ್ತಿದ್ದಾರೆ.

ಸಾಹೇಬರ ಕಿವಿಯ ಫೋನ್ ಗದ್ದೆಗೆ ಮುಟ್ಟಿತ್ತು. ಗಾಳಿಯಲ್ಲಿ ಬಾತುಗಳ ಕಲರವ, ಸಾಹೇಬರ ಏದುಸಿರು, ಬಾತಿನವನ ತೆಲುಗು. “ನೀರು ಬರಾಕತ್ತೈತಲೇ! ನಿನ್ನ ಹೆಂಡ್ತಿ ಎಲ್ಲಿ?” ಎಂದು ಸಾಹೇಬರು ಕೇಳಿದ್ದು ಕೇಳಿಸಿತು. ಅವನ ಉತ್ತರ ಕೇಳಿಸಲಿಲ್ಲ. ಹಿಂಡನ್ನು ಬಿಟ್ಟು ಅವನು ಓಡಿದ್ದು ಕಂಡಿತು.

ನೇರ ಹಾದಿ ಹಿಡಿದಿದ್ದ, ದಿನವೂ ನಡೆಯುವ ಹಾದಿಯೇ ಇರಬೇಕು. ಅದು ದಿಬ್ಬದ ಮೇಲ್ತುದಿಗೆ ಹೋಗುತ್ತಿತ್ತು. ನನಗೆ ಕಂಡದ್ದು ಅವರಿಬ್ಬರಿಗೂ ಕಾಣುವಂತಿರಲಿಲ್ಲ. ಕಂದು ನಾಲಿಗೆ ಎರಡಾಗಿ ಸೀಳಿತ್ತು. ದಂಡೆಗೂ ದಿಬ್ಬಕ್ಕೂ ನಡುವಿನ ತಗ್ಗಿಗೆ ಮೇಲ್ತುದಿಯಿಂದಲೇ ನೀರು ನುಗ್ಗುತ್ತಿತ್ತು. ಅವನು ಅಲ್ಲಿ ತಲುಪುವ ಹೊತ್ತಿಗೆ ನೀರೂ ತಲುಪುತ್ತದೆ.

“ಭಾಯಿ, ಮ್ಯಾಲಿಂದ ಬ್ಯಾಡ! ತಡೀರಿ ಅವನ್ನ! ಕೆಳಗಿಂದ, ಎಡಕ್ಕ!”

ಸ್ಕೂಟರ್ ಬಲಕ್ಕೆ ತಿರುಗಿತು.

“ಎಡಕ್ಕ ಭಾಯಿ!”

“ಯಾರ ಎಡಕ್ರೀ? ನೀವು ಮ್ಯಾಲ ಯಾ ಕಡಿ ಮುಖ ಮಾಡಿ ಕುಂತೀರೋ ನನಗೇನು ಗೊತ್ತು!”

ಹೌದಲ್ಲ. ಅವರು ನನ್ನ ಕಡೆ ಮುಖ ಮಾಡಿದ್ದರು. ನನ್ನ ಎಡ ಅವರ ಬಲ. “ಸಿರುಗುಪ್ಪದ ಕಡಿ! ಸಿರುಗುಪ್ಪದ ಕಡಿ ಹೋಗ್ರಿ!” ಎಂದು ಕಿರುಚಿದೆ. ಆ ಊರು ಯಾವ ದಿಕ್ಕಿಗೆ ಎಂಬುದು ಇಬ್ಬರಿಗೂ ಒಂದೇ. ಸ್ಕೂಟರ್ ತಿರುಗಿತು. ಬಾತಿನವನ ಅಡ್ಡಕ್ಕೆ ಹೋಗಿ ನಿಂತಿತು. ಅವನು ಒಂದು ಗಳಿಗೆ ಕೊಸರಾಡಿದ, ಆಮೇಲೆ ಇಬ್ಬರೂ ಕೆಳತುದಿಯ ಕಡೆ ಓಡಿದರು. ಅಲ್ಲಿ ತಗ್ಗು ಇನ್ನೂ ಒಣಗಿತ್ತು. ಬಾತಿನವನು ದಾಟಿದ. ಸಾಹೇಬರೂ ದಾಟಿದರು, ಸ್ಕೂಟರನ್ನೂ ದೂಡಿಕೊಂಡು. ಯಾಕೆ ದೂಡಿದರೋ, ಆಮೇಲೆ ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ನೀಲಿ ತಾಡಪಾಲಿನಿಂದ ಒಂದು ಸಣ್ಣ ಆಕೃತಿ ಎದ್ದು ನಿಂತಿತು. ಮೂವರೂ ಒಂದಾದರು. ಕೂಡಲೇ ತಿರುಗಿ ಬರಬೇಕಿತ್ತು. ಆಕೆ ತಿರುಗಿ ತಾಡಪಾಲಿನ ಕಡೆಗೇ ಹೋದಳು.

“ಏನು ಮಾಡಾಕತ್ತಾಳ ಭಾಯಿ? ನೀರು ಕೆಳಗಿನ ತುದಿಗೆ ಬರಾಕತ್ತೈತಿ!”

ನಾನು ಕಂಬ ಹಿಡಿದು ಎದ್ದು ನಿಂತಿದ್ದೆ. ಯಾವಾಗ ನಿಂತೆ ಎಂದು ಗೊತ್ತಿಲ್ಲ. ಆಕೆ ಏನೋ ಎತ್ತಿಕೊಂಡು ಬಂದಳು. ಆಮೇಲೆ ಸ್ಕೂಟರ್ ನಡೆಯಿತು, ಬಾತಿನವನು ಹಿಂದಿನಿಂದ ದೂಡುತ್ತಾ, ಸಾಹೇಬರು ಹ್ಯಾಂಡಲ್ ಹಿಡಿದು, ಆಕೆ ಬುಟ್ಟಿಯ ಮೇಲೊಂದು ಕೈಯಿಟ್ಟು. ಮೊಟ್ಟೆಯ ಬುಟ್ಟಿಯಲ್ಲಿ, ಒಣಹುಲ್ಲಿನ ಮೇಲೆ ಏನಿದೆ ಎಂದು ಅಷ್ಟು ಎತ್ತರದಿಂದ ಕಾಣುವುದಿಲ್ಲ. ನನಗೆ ಕಂಡಿತು.

ಅವರು ತಗ್ಗಿಗೆ ಇಳಿದಾಗ ನೀರೂ ಇಳಿಯಿತು. ಮೊದಲು ಪಾದ ಮುಚ್ಚುವಷ್ಟು, ನಡುವೆ ಬಂದಾಗ ಮೊಳಕಾಲಿನ ತನಕ. ಸ್ಕೂಟರ್ ನಿಂತುಬಿಟ್ಟಿತು. ಸಾಹೇಬರು ಬುಟ್ಟಿ ಬಿಚ್ಚಿ ತಲೆಯ ಮೇಲೆ ಇಟ್ಟುಕೊಂಡರು. ಬಾತಿನವನು ಹೆಂಡತಿಯ ರಟ್ಟೆ ಹಿಡಿದ. ನನ್ನ ಫೋನಿನಲ್ಲಿ ಈಗ ಬರೀ ನೀರಿನ ಸದ್ದು. ನಾನು ದಾರಿ ಹೇಳುವುದು ಮುಗಿದಿತ್ತು. ಸೊಂಟದ ತನಕ ಬಂತು. ಆಮೇಲೆ ತೊಡೆಗೆ ಇಳಿಯಿತು. ಆಮೇಲೆ ಅವರು ದಂಡೆಯ ಜಾಲಿಯೊಳಗೆ ಮರೆಯಾದರು.

“ಸ್ವಾಮೇರ,” ಎಂದಿತು ಫೋನ್, ಬಹಳ ಹೊತ್ತಿನ ಮೇಲೆ. “ಇಳೀರಿ. ಹುಷಾರಿ.”

ನೀಲಿ ತಾಡಪಾಲು ಒಮ್ಮೆ ಉಬ್ಬಿ, ತೇಲಿ, ಸಿರುಗುಪ್ಪದ ಕಡೆ ಹೋಯಿತು. ಬಾತುಗಳು ತಮ್ಮಷ್ಟಕ್ಕೆ ಗದ್ದೆಯಿಂದ ಇಳಿದು ಬಂದು, ಮರಳಿದ್ದ ಕಡೆ ನೀರು ಕಂಡು, ಸಾಲಾಗಿ ಇಳಿದವು. ಹೊಳೆ ಬಂದದ್ದಕ್ಕೆ ಅವತ್ತು ಖುಷಿಪಟ್ಟದ್ದು ಅವಷ್ಟೇ. ಮರುದಿನ ಕೆಳಗಿನ ಊರುಗಳ ಹಳ್ಳಗಳಲ್ಲಿ ಬಹುಪಾಲು ಸಿಕ್ಕವಂತೆ. ಸ್ಕೂಟರ್ ಸಿಗಲಿಲ್ಲ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಅದನ್ನು ಬರೆಯುವುದಿಲ್ಲ, ಕಾವಲುಗಾರ ಊರೆಲ್ಲ ಹೇಳಿದ್ದಾನೆ. ನೆಲಕ್ಕೆ ಕಾಲಿಟ್ಟಾಗ ಹುಬ್ಬಳ್ಳಿಯಿಂದ ಫೋನ್. “ಸರ್, ಮೋಕ ಯಾಕ ಆರಿತ್ತು ಅಂತ ಮ್ಯಾಲಿನವರು ಕೇಳಾಕತ್ತಾರ. ಕಾರಣ ಏನಂತ ಬರೀಲಿ?”

“ಬಾತು ಅಂತ ಬರೀರಿ” ಎಂದೆ.

“ಸಿಕ್ರೇನು?”

“ಸಿಕ್ರು.”

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಕೇಳಿಸಿತು.

ಗಿರಣಿಯಲ್ಲಿ ಅವರೆಲ್ಲ ಕುಳಿತಿದ್ದರು. ಯಜಮಾನಿ ಕೂಸನ್ನು ಎದೆಗೊತ್ತಿಕೊಂಡಿದ್ದರು, ಅದರ ತಲೆಗೂ ಹಿಟ್ಟು. ಬಾಣಂತಿಯ ಮುಂದೆ ಒಂದು ಪಾತ್ರೆ. ತಾಡಪಾಲಿಗೆ ತಿರುಗಿ ಹೋಗಿ ಆಕೆ ತಂದದ್ದು ಅದನ್ನೇ. ಒಲೆಯ ಮೇಲಿದ್ದ ಅನ್ನ. “ಅನ್ನ ಬಿಟ್ಟು ಹ್ಯಾಂಗ ಬರ್ಲಿ ಅಂತಾಳ” ಎಂದರು ಸಾಹೇಬರು. ಸೊಂಟದ ತನಕ ಒದ್ದೆಯಾಗಿ, ಇನ್ನೂ ಫೋನ್ ಕಿವಿಗೆ ಕಟ್ಟಿಕೊಂಡೇ ಇದ್ದರು.

ಯಜಮಾನಿ ತಾಟು ಸರಿಸಿ ಹಸಿರು ದಾರದ ಫೋನ್ ತೆಗೆದು ಬಾತಿನವನ ಕೈಗೆ ಕೊಟ್ಟರು. ತುಂಬಾ ಚಾರ್ಜ್ ಆಗಿತ್ತು. ಅವನು ಅದನ್ನು ತಿರುಗಿಸಿ ನೋಡಿ, ಮೂಲೆಯಲ್ಲಿ ಮಿನುಗುತ್ತಿದ್ದ ಲಕೋಟೆಯ ಗುರುತು ಕಂಡು ನನ್ನ ಕಡೆ ಚಾಚಿದ. ಯಾರೋ ಏನೋ ಬರೆದಿದ್ದಾರೆ, ಓದಿ ಹೇಳು ಎಂದು ತೆಲುಗಿನಲ್ಲಿ ಕೇಳಿದ.

ಎಲ್ಲವೂ ನನ್ನವೇ. ಮುಟ್ಟಿದವು, ಕಾದು ಮುಟ್ಟಿದವು. ಎಲ್ಲಕ್ಕಿಂತ ಕೆಳಗಿದ್ದದ್ದನ್ನು, ಮೊದಲು ಕಳಿಸಿದ್ದನ್ನು ತೆಗೆದು ಓದಿದೆ.

“ಎಕ್ಕಡುಂಡಾವ್?”

ಅವನು ನಗಲಿಲ್ಲ. ಯಾರೋ ದೊಡ್ಡವರು ದೂರದಿಂದ ಕೇಳುತ್ತಿದ್ದಾರೆ ಎಂಬಂತೆ ನೆಟ್ಟಗೆ ಕುಳಿತ. ಹೆಂಡತಿಯ ಕಡೆ ನೋಡಿದ, ಕೂಸಿನ ಕಡೆ ನೋಡಿದ. ಇಲ್ಲೇ ಇದ್ದೇನೆ ಎಂದು, ತಾನು ಕುಳಿತ ನೆಲವನ್ನು ಅಂಗೈಯಿಂದ ತಟ್ಟಿ ಹೇಳಿದ:

“ಇಕ್ಕಡೇ ಉಂಡಾನಯ್ಯಾ.”